ಚಲೋತ್ನಂಗ ನೂರು ಕಾಳು

"ನೂರಕ್ಕ ತೊಂಬತ್ತಾರು ಮೊಳಿಕಿ ಬಂದಾವ ಹಸೀನಾಬೀ! ನಮ್ಮ ಪದ್ಮಾನ ಎಣಿಸ್ಯಾಳ," ಎಂದು ಗಾಳೆಮ್ಮ ತೊಗರಿ ಬೀಜದ ಚೀಲ ತಟ್ಟಿದಳು.

ಬಾಗಿಲಲ್ಲಿ ನಿಂತಿದ್ದ ಮಗಳು ಪದ್ಮಾವತಿ ಹೆಮ್ಮೆಯಿಂದ ನಕ್ಕಳು. ಆರನೇ ಕ್ಲಾಸಿನ ಹುಡುಗಿಗೆ ಅಮ್ಮ ದೊಡ್ಡ ಕೆಲಸವನ್ನೇ ಕೊಟ್ಟಿದ್ದಳು.

ಊರಿನ ಹೆಂಗಸರ ಸಂಘ ಬೆಳೆದ ಬೀಜ ಅದು. ಮಸ್ಕಿಯ ಅಂಗಡಿಗಿಂತ ಅಗ್ಗ. ಕೊಡುವ ಮೊದಲು ನೂರು ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಬೇಕು. ಆರನೇ ದಿನ ಬಿಚ್ಚಿ, ಎಷ್ಟು ಮೊಳಕೆ ಬಂದಿವೆಯೆಂದು ಎಣಿಸಬೇಕು.

"ಹೋದ ವರ್ಷ ಅಂಗಡಿ ಬೀಜ ಅರ್ಧಾನೂ ಹುಟ್ಟಲಿಲ್ಲ ಬೇ," ಎಂದಳು ಪಕ್ಕದ ಓಣಿಯ ಹಸೀನಾಬೀ. "ಇದ್ರಾಗ ಮೋಸ ಇಲ್ಲಲ್ಲ?"

"ಮೋಸ ಹೆಂಗಾದೀತು? ಕಣ್ಣು ಮುಚ್ಚಿ ಚೀಲದಾಗ ಕೈ ಹಾಕಬೇಕು. ಸಿಕ್ಕಿದ್ದು ನೂರು. ಆರಿಸಿ ಇಟ್ರ ಅದು ಟೆಸ್ಟ್ ಹೆಂಗಾಗ್ತೈತಿ?"

ಪದ್ಮಾಳ ನಗು ನಿಂತಿತು.

"ಚಲೋತ್ನಂಗ ನೂರು ಕಾಳು ತಗಿ," ಎಂದಿದ್ದಳು ಅಮ್ಮ. ಜೋಪಾನವಾಗಿ ಎಂದು ಅದರ ಅರ್ಥ. ಪದ್ಮಾ ಮಾತ್ರ ಚಲೋ ಕಾಳುಗಳನ್ನೇ ಹುಡುಕಿ ತೆಗೆದಿದ್ದಳು. ಸುಕ್ಕು ಬಿದ್ದದ್ದು, ತೂತು ಬಿದ್ದದ್ದು ಎಲ್ಲ ಚೀಲಕ್ಕೇ ವಾಪಸ್. ಇನ್‌ಸ್ಪೆಕ್ಷನ್ ದಿನ ಸರ್ ಜಾಣರನ್ನು ಮುಂದಿನ ಬೆಂಚಿಗೆ ಕೂರಿಸುತ್ತಾರಲ್ಲ, ಹಾಗೆ.

"ಭೇಷ್ ಬೇ ಪದ್ಮಾ! ಸೈಂಟಿಸ್ಟ್ ಆಗಾಕಿ ನೀ," ಎಂದು ಹಸೀನಾಬೀ ಅವಳ ಗಲ್ಲ ಹಿಂಡಿದಳು. "ನೆಲ ಹಸಿ ಐತಿ. ನಾಳೀನ ಬಿತ್ತತೀನಿ."

ಬೀಜದ ಗಂಟು ಹೊತ್ತು ಅವಳು ಹೊರಟಳು. ಪದ್ಮಾ ಬಾಗಿಲ ಹಿಂದೆ ಸರಿದಳು. ಹಿಂಡಿದ ಗಲ್ಲ ಉರಿಯುತ್ತಿತ್ತು.

ಮಧ್ಯಾಹ್ನ ರೊಟ್ಟಿಯ ತಟ್ಟೆ ಸರಿಸಿ, ಅಳುತ್ತಾ ಅಮ್ಮನಿಗೆ ಎಲ್ಲ ಹೇಳಿಬಿಟ್ಟಳು. ಅಮ್ಮ ಬೈಯಲಿಲ್ಲ.

"ಆಕಿಗೆ ಇರೋದು ಎರಡ ಎಕರೆ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಳು. "ನಡಿ."

ಹಸೀನಾಬೀ ಅಂಗಳದಲ್ಲಿ ಬಿತ್ತುವ ಕೂರಿಗೆಗೆ ಹಗ್ಗ ಬಿಗಿಯುತ್ತಿದ್ದಳು.

"ಬಿತ್ತಬ್ಯಾಡ ಹಸೀನಾಬೀ. ಟೆಸ್ಟಿನಾಗ ತಪ್ಪಾಗೈತಿ," ಎಂದಳು ಅಮ್ಮ.

"ಹಂಗಾರ ಖರೇ ಎಷ್ಟು ಹುಟ್ಟತಾವ?"

"ಗೊತ್ತಿಲ್ಲ."

ಬೀಜದ ವಿಷಯದಲ್ಲಿ ಅಮ್ಮ ಹಾಗೆ ಹೇಳಿದ್ದನ್ನು ಪದ್ಮಾ ಎಂದೂ ಕೇಳಿರಲಿಲ್ಲ.

"ಗೊತ್ತಿಲ್ಲಂದ್ರ? ಯಾರು ಮಾಡಿದ ತಪ್ಪು ಇದು?"

"ಸಂಘದ್ದು. ನಮ್ಮದು," ಎಂದಳು ಅಮ್ಮ. ಪದ್ಮಾಳ ಕಡೆ ತಿರುಗಿಯೂ ನೋಡಲಿಲ್ಲ. ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿದಾಗ ಪದ್ಮಾ ರಿಬ್ಬನ್ನನ್ನು ಹೀಗೆಯೇ ಸುತ್ತುತ್ತಾಳೆ.

ದೊಡ್ಡವರಿಗೂ ಹೀಗಾಗುತ್ತದೆಯೇ?

"ಸಂಘದ್ದಲ್ಲ ಅತ್ತಿ," ಪದ್ಮಾ ಮುಂದೆ ಬಂದಳು. "ನಂದು. ಚಲೋ ಕಾಳಷ್ಟ ಆರಿಸಿ ಇಟ್ಟಿದ್ದೆ."

ಹಸೀನಾಬೀ ಅವಳನ್ನು ನೋಡಿದಳು, ಮುಗಿಲು ನೋಡಿದಳು. "ಆರು ದಿನಕ್ಕ ನೆಲದ ಹಸಿ ಆರಿ ಹೋಗ್ತೈತಿ," ಎಂದು ಗೊಣಗಿದಳು. ಆಮೇಲೆ ಒಳಗಿನಿಂದ ಗಂಟು ತಂದು ಪದ್ಮಾಳ ಮುಂದೆ ಬಿಚ್ಚಿದಳು. "ತಗಿ ಮತ್ತ."

ಪದ್ಮಾ ಕಣ್ಣು ಮುಚ್ಚಿ ಕೈ ಹಾಕಿದಳು. ಮುಷ್ಟಿ ಬಿಚ್ಚಿದಾಗ ದುಂಡನೆಯ ಕಾಳಿನ ಜೊತೆ ಸುಕ್ಕು ಬಿದ್ದವೂ ಇದ್ದವು. ಒಂದಕ್ಕೆ ತೂತು. ಅದನ್ನು ಎತ್ತಿ ಮೊದಲು ಇಟ್ಟಳು.

"ಒಂದು," ಎಂದಳು.