ಮೂರು ಕೈ, ಒಂದೇ ಗುರುತು

"ನಾಳೆ ಬೆಳಿಗ್ಗೆ ನನ್ನ ಮಗಳ ತೊಡೆ ಮೂಳೆ ಕುಯ್ತಾರೆ ಮೇಡಂ. ಅದಕ್ಕಿಂತ ಮುಂಚೆ ಒಂದ್ಸಲ ಬಂದು ನೋಡಿ," ಎಂದು ನಸೀಮಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡರು.

ಅಲ್ಲಾಳಸಂದ್ರದ ಮಂಜುಶ್ರೀ ಮೇಡಂ ಹಿಂದೆ ವಿಮಾ ಕಂಪನಿಗೆ ಅಪಘಾತದ ಕೇಸು ತನಿಖೆ ಮಾಡುತ್ತಿದ್ದವರು. ನಿಜವಾದ ಕುಂಟು, ನಾಟಕದ ಕುಂಟು ಎರಡನ್ನೂ ಸಾಕಷ್ಟು ಕಂಡವರು. ನಾನು ಅಶ್ವತ್ಥ್, ಅವರ ಕಾರು ಓಡಿಸುವವನು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ಅವರ ಕೇಸುಗಳನ್ನು ಬರೆಯುವವನು ನಾನೇ.

ನಸೀಮಾರ ಮಗಳು ಅಮ್ರೀನ್‌ಗೆ ಹತ್ತು ವರ್ಷ. ಹುಟ್ಟಿನಿಂದ ಕಾಲಿನ ಸ್ನಾಯು ಬಿಗಿ. ಮಂಡಿ ಒಳಕ್ಕೆ ತಿರುಗಿಸಿಕೊಂಡು ನಡೆಯುತ್ತಿದ್ದಳು. ಹೆಬ್ಬಾಳದ ಒಂದು ಲ್ಯಾಬಿನಲ್ಲಿ ಕಾಲಿಗೆ ಹೊಳೆಯುವ ಗುಂಡುಗಳನ್ನು ಅಂಟಿಸಿ, ನಡೆಸಿ, ಕ್ಯಾಮೆರಾದಲ್ಲಿ ಅವಳ ನಡಿಗೆ ಅಳೆದಿದ್ದರು. ಹಿಂದಿನ ತಿಂಗಳು ಇಂದು ಎಂಬ ಫಿಸಿಯೋ ಅಳೆದಾಗ ಮೂಳೆ ಸರಿಯಾಗಿದೆ, ವ್ಯಾಯಾಮ ಸಾಕು ಎಂದು ಬಂತು. ಮುಖ್ಯಸ್ಥ ಡಾ. ನಿರಂಜನ್ ಒಪ್ಪದೆ ಮೊನ್ನೆ ಮತ್ತೆ ಅಳೆಸಿದರು. ಈ ಸಲ ಮೂಳೆ ತಿರುಚಿದೆ, ಕತ್ತರಿಸಿ ತಿರುಗಿಸಬೇಕು ಎಂದು ಬಂತು.

"ಮೂರು ಜನ ಬೇರೆ ಬೇರೆ ಅಳೆದ್ರಂತೆ, ಮೂರೂ ಒಂದೇ ಬಂತಂತೆ. ಅದಕ್ಕೇ ಸರ್ಜನ್ ನಂಬಿದ್ರು," ಎಂದರು ನಸೀಮಾ.

ಮೇಡಂ ಹುಡುಗಿಯ ಕಾಲು ನೋಡಿದರು. ಮಂಡಿಯ ಹೊರಬದಿಯಲ್ಲಿ ಒಂದೇ ಒಂದು ಕೆಂಪು ಉಂಗುರವಿತ್ತು.

"ಅಂಟು ತಾಗಿದ್ರೆ ಇವಳಿಗೆ ಆಗಲ್ಲ, ಹಿಂಗೇ ಕೆಂಪಗಾಗತ್ತೆ," ಎಂದರು ನಸೀಮಾ.

"ಈ ಸಲ ಹೆಂಗೆ ಅಂಟಿಸಿದ್ರು ಪುಟ್ಟಾ?" ಎಂದು ಮೇಡಂ ಕೇಳಿದರು.

"ಮಲಗಿಸಿ. ಹೋದ ಸಲ ಇಂದು ಅಕ್ಕ ಆದ್ರೆ ನನ್ನ ನಿಲ್ಲಿಸಿ, ತಾವು ನೆಲದ ಮೇಲೆ ಕೂತು ಅಂಟಿಸಿದ್ರು. ನಂಗೆ ನಗು ಬಂತು."

ತಾಯಿ ಮಗಳನ್ನೂ ಕರೆದುಕೊಂಡು ಲ್ಯಾಬಿಗೆ ಹೋದೆವು. ನನಗೆ ಆಗಲೇ ಮೈ ಉರಿಯುತ್ತಿತ್ತು. ನಿರಂಜನ್ ಮೇಜು ಹಿಡಿದುಕೊಂಡು ಎದ್ದು ನಿಂತರು. ಅಂಗಿಯ ಕೆಳಗೆ ಸೊಂಟದ ಬೆಲ್ಟಿನ ಅಂಚು ಕಾಣುತ್ತಿತ್ತು. ಇಂದು ತಲೆ ಎತ್ತಲಿಲ್ಲ. ಶೆಟ್ಟಿಹಳ್ಳಿಯ ಹಳೇ ಟೆಕ್ನಿಷಿಯನ್ ಲಕ್ಕಣ್ಣ ಗೋಡೆಗೆ ಒರಗಿದ್ದ.

"ಮೊದಲನೇ ಸಲ ತಪ್ಪಾಗಿ ಅಳೆದಿದ್ದು ಇಂದು," ಎಂದರು ನಿರಂಜನ್. "ಎರಡನೇ ಸಲ ನಾನು, ಲಕ್ಕಣ್ಣ, ಅವಳು, ಮೂವರೂ ಅಳೆದ್ವಿ. ನೋಡಿ." ಪರದೆಯ ಮೇಲೆ ಮೂರು ಗೆರೆಗಳು ಒಂದರ ಮೇಲೊಂದು ಕೂತಿದ್ದವು. "ಎಷ್ಟು ಚೆನ್ನಾಗಿ ಹೊಂದಿದೆ!"

"ಚೆನ್ನಾಗಿ ಅಲ್ಲ, ಅತಿಯಾಗಿ ಹೊಂದಿದೆ. ಮಂಡಿ ಪಕ್ಕಕ್ಕೆ ವಾಲೋ ಗೆರೆ ತೋರಿಸಿ," ಎಂದರು ಮೇಡಂ.

ಮಂಡಿ ಮಡಚಿದಾಗಲೆಲ್ಲ ಆ ಗೆರೆ ಗುಡ್ಡದಂತೆ ಏರುತ್ತಿತ್ತು. ಮೇಡಂ ಅಮ್ರೀನ್‌ಳ ಮಂಡಿ ಮಡಚಿಸಿದರು. ಅದು ನೇರ ಹಿಂದಕ್ಕೆ ಮಡಚಿತು.

"ಈ ಮಗುವಿನ ಮಂಡಿ ಪಕ್ಕಕ್ಕೆ ವಾಲಲ್ಲ, ಪರದೆ ಮೇಲೆ ಮಾತ್ರ ವಾಲತ್ತೆ. ಅಂದ್ರೆ ಮಂಡಿಯ ಗುಂಡು ಜಾಗ ತಪ್ಪಿದೆ. ಅದೇ ತಪ್ಪಿಂದ ತೊಡೆ ಮೂಳೆನೂ ತಿರುಚಿದ ಹಾಗೆ ಕಾಣತ್ತೆ. ಮಲಗಿಸಿ ಅಂಟಿಸಿದ್ರೆ, ಎದ್ದು ನಿಂತಾಗ ಚರ್ಮದ ಜೊತೆ ಗುಂಡೂ ಸರಿಯತ್ತೆ. ಮಲಗಿಸಿದ್ದು ಯಾರು? ಕೆಳಗೆ ಕೂರಕ್ಕಾಗದವರು. ಇಂದು ನೆಲದ ಮೇಲೆ ಕೂರ್ತಾಳೆ. ಸೊಂಟದ ಬೆಲ್ಟು ನಿಮ್ದು, ಡಾಕ್ಟ್ರೇ."

"ಹಾಗಾದ್ರೆ ಇವರಿಬ್ಬರ ಅಳತೆ?" ಎಂದರು ನಿರಂಜನ್.

"ಇವರು ಅಳೆದೇ ಇಲ್ಲ. ಮೂವರು ಕಿತ್ತು ಕಿತ್ತು ಅಂಟಿಸಿದ್ರೆ ಉಂಗುರ ಒಂದರ ಪಕ್ಕ ಒಂದು ಏಳಬೇಕಿತ್ತು. ಇರೋದು ಒಂದೇ. ನಿಮ್ಮ ಗುಂಡಿನ ಮೇಲೇ ಮೂರು ಸಲ ನಡೆಸಿ, ಮೂರು ಹೆಸರು ಹಾಕಿದ್ದೀರ."

ಲಕ್ಕಣ್ಣ ಬಾಯಿಬಿಟ್ಟ. "ಸಾಯೇಬ್ರು ಅಂಟಿಸಿದ್ದನ್ನ ಕೀಳೋದು ಎಂಗಮ್ಮಾ? ನಮ್ಗೆ ಕೆಲ್ಸ ಕಲ್ಸಿದವ್ರು. ಈ ಲ್ಯಾಬಲ್ಲಿ ಯಾರೂ ಯಾವತ್ತೂ ಕಿತ್ತಿಲ್ಲ."

"ನಾನು ಕೀಳೋಕೆ ಹೋದೆ," ಎಂದಳು ಇಂದು. "'ನನ್ನ ಕೈ ಮೇಲೆ ನಂಬಿಕೆ ಇಲ್ವಾ?' ಅಂದ್ರು ಸರ್."

"ಥೂ!" ಎಂದೆ ನಾನು. "ನಿಮ್ಮ ಮರ್ಯಾದೆಗೆ ಮಗುವಿನ ಮೂಳೆ ಬೇಕಿತ್ತೇನ್ರೀ?"

"ಅಶ್ವತ್ಥ್, ಸಾಕು," ಎಂದು ಮೇಡಂ ಎಲ್ಲವನ್ನೂ ಮತ್ತೆ ಅಳೆಸಿದರು. ಅಮ್ರೀನ್ ನಿಂತೇ ಇದ್ದಳು. ಮೊದಲು ಇಂದು ಅಂಟಿಸಿ, ನಡೆಸಿ, ಎಲ್ಲ ಕಿತ್ತು ಒರೆಸಿದಳು. ಅಲ್ಲಿಯವರೆಗೆ ಹೊರಗೆ ಕಳಿಸಿದ್ದ ಲಕ್ಕಣ್ಣ ಒಳಗೆ ಬಂದು ಹೊಸದಾಗಿ ಅಂಟಿಸಿದ. ಎರಡು ಗೆರೆಗಳು ಕೊಂಚ ದೂರ ದೂರ ಓಡಿದವು. ಎರಡರಲ್ಲೂ ಮೂಳೆ ಸರಿಯಾಗಿತ್ತು.

"ಎರಡು ಕೈ ನಿಜವಾಗಿ ಅಳೆದ್ರೆ ಇಷ್ಟು ವ್ಯತ್ಯಾಸ ಇದ್ದೇ ಇರತ್ತೆ," ಎಂದು ಮೇಡಂ ಫೋನನ್ನು ನಿರಂಜನ್ ಮುಂದೆ ಸರಿಸಿದರು. ಅವರು ಸರ್ಜನ್‌ಗೆ ಎಲ್ಲವನ್ನೂ ಹೇಳಿದರು. ಆಪರೇಷನ್ ನಿಂತಿತು. ನಸೀಮಾ ಮಗಳ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು.

"ಬೆಲ್ಟು ಹಾಕಿ, ಮಕ್ಕಳನ್ನ ಮಲಗಿಸಿ ಅಂಟಿಸೋಕೆ ಶುರು ಮಾಡಿ ಎಷ್ಟು ದಿನ ಆಯ್ತು?" ಎಂದು ಮೇಡಂ ಕೇಳಿದರು.

"ಒಂದು ವರ್ಷ," ಎಂದರು ನಿರಂಜನ್.

ಹೊರಗಿನ ಬೆಂಚಿನಲ್ಲಿ ಮಾಕಳಿಯ ಗೋಪಾಲಮ್ಮ ಎಂಬ ಅಜ್ಜಿ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು, ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್.

"ಏನಾಯ್ತಜ್ಜಿ?" ಎಂದೆ ನಾನು.

"ಮೂಳೆ ಕುಯ್ದು ತಿರುಗ್ಸವ್ರೆ ಕಣಪ್ಪಾ. ನೋವು ಅಂತ ರಾತ್ರಿಯೆಲ್ಲಾ ಅಳ್ತಾಳೆ. ಆದ್ರೆ ಅನುಮಾನ ಏನಿಲ್ಲ, ಇಲ್ಲೇ ಮೂರು ಜನ ಅಳೆದವ್ರಂತೆ. ಮೂರೂ ಒಂದೇ ಬಂತಂತೆ."

ಹಿಂದೆ ಲ್ಯಾಬಿನ ಬಾಗಿಲು ಮುಚ್ಚಿಕೊಂಡಿತ್ತು. ಮೇಡಂ ಈ ಸಲ ನನ್ನನ್ನು ತಡೆಯಲಿಲ್ಲ. ನಾನು ಬಾಗಿಲು ತಟ್ಟಲಿಲ್ಲ, ಕಾಲೆತ್ತಿ ಒದ್ದೆ.