ಸೋಫಾ ಅಡಿಯ ಗಂಟು

"ನಮ್ಮನೆಯವರು ಕೆಲಸ ಬಿಟ್ಟು ನಾಲ್ಕು ತಿಂಗಳಾಯ್ತಂತೆ. ಸಂಬಳವೇ ಇಲ್ಲದ ಮೇಲೆ ಎಲ್ಲಿಂದ ಹಿಡಿಯೋದು ಅಂತಾರೆ ಕಾರ್ಖಾನೆ ಯಜಮಾನರು," ಎಂದಳು ಬಂದವಳು, ಕುರ್ಚಿಯ ತುದಿಯಲ್ಲಿ ಕುಳಿತು.

ಅಮೀನಮ್ಮ ಕನ್ನಡಕ ಏರಿಸಿದರು. ಮೂವತ್ತು ವರ್ಷ ಅಮೀನರಾಗಿ ಕೋರ್ಟಿನ ಕಾಗದ ಹೊತ್ತು ಕಂಡವರ ಬಾಗಿಲು ತಟ್ಟಿದವರು. ನಿವೃತ್ತಿಯಾದ ಮೇಲೂ ಊರ ಸಿಕ್ಕುಗಳೆಲ್ಲ ಅವರ ಮನೆಯನ್ನೇ ಹುಡುಕಿಕೊಂಡು ಬರುತ್ತಿದ್ದವು. ಕೆಳಮನೆಯ ಟೈಪಿಸ್ಟ್ ಎಂದಿನಂತೆ ಪೆನ್ನು ಹಿಡಿದು ಪಕ್ಕದಲ್ಲಿದ್ದ.

ಬಂದವಳ ಗಂಡ ಸೋಫಾ ಕಾರ್ಖಾನೆಯ ಕೆಲಸಗಾರ, ಹೆಂಡತಿ ಮಗಳನ್ನು ಬಿಟ್ಟು ಹೋಗಿದ್ದ. ಮಗಳ ಜೀವನಾಂಶವನ್ನು ಅವನ ಸಂಬಳದಲ್ಲೇ ಹಿಡಿದು ಕಳುಹಿಸಬೇಕೆಂದು ಕೋರ್ಟು ಯಜಮಾನನಿಗೆ ಆದೇಶಿಸಿತ್ತು. ಬಿಡಿಗಾಸೂ ಬಂದಿರಲಿಲ್ಲ. ಎಂಟು ವರ್ಷದ ಮಗಳ ಕಿವಿಯ ಯಂತ್ರ ಕೆಟ್ಟು ಕೂತಿತ್ತು. ತಿಂಗಳೊಳಗೆ ಸರಿ ಮಾಡಿಸದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂದು ಶಾಲೆಯವರು ಹೇಳಿಬಿಟ್ಟಿದ್ದರು.

ಅಮೀನಮ್ಮನ ಕಣ್ಣು ತಾಯಿಗೆ ಆತು ನಿಂತಿದ್ದ ಹುಡುಗಿಯ ಬೂಟಿನ ಮೇಲಿತ್ತು. ಲೇಸನ್ನು ಮೂರು ಸುತ್ತು ಸುತ್ತಿ, ತುದಿಯನ್ನು ಹಿಂದಕ್ಕೆ ತಂದು ಅದರಡಿಯಲ್ಲೇ ಸಿಕ್ಕಿಸಿದ್ದಳು.

"ಯಾರು ಕಲಿಸಿದ್ದು ಇದನ್ನ?"

"ಅವರಪ್ಪ. ಸೋಫಾ ಸ್ಪ್ರಿಂಗೂ ಹೀಗೇ ಕಟ್ತಾರೆ. ಕಾರ್ಖಾನೇಲಿ ಬೇರೆ ಯಾರಿಗೂ ಈ ಗಂಟು ಬರಲ್ಲ ಅಂತ ಜಂಬ ಕೊಚ್ಕೊಳ್ತಿದ್ರು."

ಮರುದಿನ ಅಮೀನಮ್ಮ, ಟೈಪಿಸ್ಟ್ ಇಬ್ಬರೂ ಕಾರ್ಖಾನೆಗೆ ಹೋದರು. ಆರು ಜನ ಬನಿಯನ್ನಿನಲ್ಲೇ ಸುತ್ತಿಗೆ ಬಡಿಯುತ್ತಿದ್ದರು. ಗೋಡೆಯ ಮೊಳೆಗಳಲ್ಲಿ ಏಳು ಅಂಗಿ ತೂಗುತ್ತಿದ್ದವು. ಯಜಮಾನನದು ಬೆಣ್ಣೆಯಂಥ ಮಾತು.

"ಬನ್ನಿ ಅಮ್ಮಾ, ಬೇಕಾದ್ರೆ ಹುಡುಕಿ. ಅವನು ಹೋದ್ಮೇಲೆ ಇಲ್ಲಿ ಎಲ್ಲಾ ಹೊಸದು. ದಾರಾನೂ ಅಷ್ಟೇ. ಆ ಬಿಳೀ ದಾರ ಸುಮ್ನೆ ಕಿತ್ಕೊಂಡು ಬರ್ತಿತ್ತು, ಹೋದ ವಾರ ಈ ನೀಲಿ ನೈಲಾನ್ ತರಿಸ್ದೆ."

ಬಟ್ಟೆ ಹೊದಿಸದ ಸೋಫಾ ಒಂದು ಮಗುಚಿ ಬಿದ್ದಿತ್ತು. ಅಮೀನಮ್ಮ ಬಗ್ಗಿ ಅದರ ಅಡಿ ನೋಡಿ, ಸೀದಾ ಹೊರಟರು. ನೀಲಿ ದಾರದ ಹೊರತು ಏನೂ ಕಾಣದ ಟೈಪಿಸ್ಟ್‌ಗೆ ಒಳಗೊಳಗೇ ಸಿಟ್ಟು ಬಂತು.

ಮೂರು ದಿನದ ಮೇಲೆ ಅದೇ ಸೋಫಾದ ಸುತ್ತ ಎಲ್ಲರೂ ಸೇರಿದರು: ತಾಯಿ, ಮಗಳು, ಯಜಮಾನ, ಕೋರ್ಟಿನ ಅಧಿಕಾರಿ.

"ಮಗು ಬೂಟು ನೋಡಿ, ಈ ಸ್ಪ್ರಿಂಗ್ ನೋಡಿ. ಎರಡೂ ಒಂದೇ ಗಂಟು," ಎಂದರು ಅಮೀನಮ್ಮ.

"ಅವನು ಇದ್ದಾಗ ಕಟ್ಟಿದ ಹಳೇ ಮಾಲು ಇರ್ಬೇಕು," ಎಂದ ಯಜಮಾನ.

"ಹಳೇ ಮಾಲಿಗೆ ಬಿಳಿ ದಾರ ಅಂದವರು ನೀವೇ, ಇದು ನೀಲಿ. ಹೋದ ವಾರ ಬಂದ ದಾರಕ್ಕೆ ನಾಲ್ಕು ತಿಂಗಳ ಹಿಂದೆ ಹೋದವನು ಗಂಟು ಹಾಕಿದ್ದು ಹೇಗೆ? ಅವತ್ತೂ ಕೆಲಸಗಾರರು ಆರು, ಅಂಗಿ ಏಳು. ಇವತ್ತೂ ಏಳೇ. ಉಗ್ರಾಣದ ಬಾಗಿಲು ತೆಗೀರಿ."

ಫೋಮಿನ ರಾಶಿಯ ಹಿಂದಿನಿಂದ ಅವನು ಎದ್ದು ಬಂದ, ಬನಿಯನ್ನಿಗೆಲ್ಲ ಧೂಳು. ಯಜಮಾನ ತಲೆ ತಗ್ಗಿಸಿದ. ಅರ್ಧ ಸಂಬಳಕ್ಕೆ ದುಡಿದರೆ ಲೆಕ್ಕದಲ್ಲಿ ಹೆಸರು ತೋರಿಸುವುದಿಲ್ಲ ಎಂಬ ಒಪ್ಪಂದ ಇಬ್ಬರದ್ದೂ. ಮಗುವಿನ ಪಾಲನ್ನು ಆ ಇಬ್ಬರೂ ಹಂಚಿಕೊಂಡು ತಿಂದಿದ್ದರು; ಟೈಪಿಸ್ಟ್ ಅದನ್ನೂ ಒತ್ತಿ ಬರೆದುಕೊಂಡ.

"ಹಿಡಿಯದೆ ಬಿಟ್ಟ ಅಷ್ಟೂ ದುಡ್ಡು ಇನ್ನು ನಿಮ್ಮ ಜೇಬಿಂದ ಬರುತ್ತೆ. ಮೊದಲ ಕಂತು ಇವತ್ತೇ," ಎಂದು ಅಧಿಕಾರಿ ಯಜಮಾನನಿಗೆ ಹೇಳಿದರು.

ಅಪ್ಪನೆನಿಸಿಕೊಂಡವನು ಮಗಳತ್ತ ತಿರುಗಿ, "ಈ ಕಿವುಡಿಗೆ ಸುರಿಯೋದಕ್ಕಿಂತ ಅರ್ಧ ಸಂಬಳಾನೇ ವಾಸಿ ಅನ್ನಿಸ್ತು," ಎಂದ.

ಎಷ್ಟೋ ತಿಂಗಳ ಮೇಲೆ ಅಪ್ಪನನ್ನು ಕಂಡ ಹುಡುಗಿ ಅವನ ತುಟಿಯನ್ನೇ ನೋಡುತ್ತ ನಕ್ಕಳು. ಆಮೇಲೆ ತಾಯಿಯ ಸೆರಗು ಎಳೆದು, "ಅಪ್ಪ ಏನಂದ್ರು?" ಎಂದು ಕೇಳಿದಳು.

ಆ ಯಂತ್ರ ಸರಿಯಾಗಲೆಂದೇ ಓಡಾಡಿದ್ದ ಟೈಪಿಸ್ಟ್‌ಗೆ ಅದು ಕೆಟ್ಟಿದ್ದು ಒಳ್ಳೆಯದೇ ಆಯಿತೆನ್ನಿಸಿತು. ಹಾಗೆನ್ನಿಸಿದ್ದಕ್ಕೆ ತನ್ನ ಮೇಲೂ ಹೇಸಿಗೆಯಾಯಿತು. ಅಲ್ಲಿಯವರೆಗೆ ಎಲ್ಲರ ಮಾತನ್ನೂ ಬರೆದುಕೊಂಡಿದ್ದವನು ಆ ಒಂದು ಮಾತನ್ನು ಮಾತ್ರ ಬರೆಯಲಿಲ್ಲ.