ಅಮ್ಮನ ಹೆಸರು ಹಾಕಿಸಿದ ಕ್ಯಾರಿಯರ್

ಅಟ್ಟದೊಳಗೆ ಅರ್ಧ ಮೈ ತೂರಿಸಿ ಏಣಿಯ ಮೇಲೆ ನಿಂತಿದ್ದ ಶಿವರಂಜಿನಿಗೆ ಬರುತ್ತಿರುವುದು ಅಳುವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ಎಲ್ಲ ಇದೆ, ಅದೊಂದಿಲ್ಲ! ಗಾಜು ಒಡೆದ ಲಾಟೀನು ಇದೆ. ಬತ್ತಿ ಸ್ಟೌ ಎರಡಿವೆ. ಮಾತು ನಿಲ್ಲಿಸಿ ಹತ್ತು ವರ್ಷವಾದ ರೇಡಿಯೊ ಇದೆ, ಅದರ ಚರ್ಮದ ಅಂಗಿಯೂ ಇದೆ. ಡಾಲ್ಡಾ ಡಬ್ಬ, ಹಾರ್ಲಿಕ್ಸ್ ಬಾಟಲಿಗಳನ್ನಂತೂ ಎಣಿಸುವವರಿಲ್ಲ. ಇಷ್ಟು ಕಸವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಈ ಮನೆಯಲ್ಲಿ ಅವಳ ತವರಿನ ಹಿತ್ತಾಳೆ ಕ್ಯಾರಿಯರ್ ಒಂದೇ ಮಾಯವಾಗಬೇಕೇ?

ಇವತ್ತೇ ನೋಡಬೇಕಾಗಿ ಬಂದದ್ದು ಕಲಾಯಿಯವನಿಂದ. ಗುಂಡ್ಲುಪೇಟೆಯ ಆ ಬೀದಿಗೆ ಮೂರು ವರ್ಷದ ಮೇಲೆ ಬಂದಿದ್ದ. ಹಿತ್ತಾಳೆ ಪಾತ್ರೆಯನ್ನೆಲ್ಲ ತೂಕಕ್ಕೆ ಹಾಕಿ ಸ್ಟೀಲ್ ತಂದುಕೊಂಡ ಜನಕ್ಕೆ ಕಲಾಯಿ ಯಾಕೆ ಬೇಕು, ಪಾಪ, ಅವನು ಸುಮ್ಮನೆ ಕೂಗಿಕೊಂಡು ಹೋಗುತ್ತಿದ್ದ. ಕೊನೆಗೆ ಯಾರೋ ಒಂದು ಪಾತ್ರೆ ಕೊಟ್ಟರು. ಕಲಾಯಿಗೆ ಉದುರಿಸುವ ನವಸಾಗರದ ಹೊಗೆ ಮೂಗಿಗೆ ಬಡಿದದ್ದೇ ತಡ, ಶಿವರಂಜಿನಿ ಕೈಯಲ್ಲಿದ್ದ ಮೊರ ಬಿಟ್ಟು ಏಣಿ ಹತ್ತಿದಳು. ಹರದನಹಳ್ಳಿಯಲ್ಲಿ ಅವಳಮ್ಮ ಮಲ್ಲಿಗಮ್ಮ ಆ ಕ್ಯಾರಿಯರಿಗೆ ವರ್ಷಕ್ಕೊಂದು ಸಲ ಕಲಾಯಿ ಹಾಕಿಸುತ್ತಿದ್ದಳು. ಕಾದ ಪಾತ್ರೆಯೊಳಗೆ ಕಲಾಯಿಯವನು ಅರಳೆ ತಿರುಗಿಸಿದರೆ ಕಪ್ಪು ಹೋಗಿ ಬೆಳ್ಳಗೆ ಹೊಳೆಯುತ್ತಿತ್ತು. ಪುಟ್ಟ ಶಿವರಂಜಿನಿ ಕುಕ್ಕರಗಾಲಲ್ಲಿ ಕೂತು ಅದನ್ನು ನೋಡುತ್ತಿದ್ದಳು. ಮೂರು ಅಂತಸ್ತಿನ ಕ್ಯಾರಿಯರ್. ಕೆಳಗಿನದರಲ್ಲಿ ಮುದ್ದೆ, ನಡುವೆ ಸೊಪ್ಪಿನ ಸಾರು, ಇವೆರಡೂ ಹೊಲದಲ್ಲಿದ್ದ ಅಪ್ಪ ಚೆಲುವಯ್ಯನಿಗೆ. ಮೇಲಿನ ಪುಟ್ಟ ಡಬ್ಬ ಮಾತ್ರ ಮಗಳದು. ಅದರಲ್ಲಿ ಏನಿದೆಯೆಂದು ಹೊಲ ಮುಟ್ಟುವ ತನಕ ಅಮ್ಮ ಹೇಳುತ್ತಿರಲಿಲ್ಲ. ಒಂದು ದಿನ ಹುರಿಗಡಲೆ ಬೆಲ್ಲ, ಒಂದು ದಿನ ಬೇಯಿಸಿದ ಅವರೆಕಾಳು, ಏನೂ ಇಲ್ಲದ ದಿನ ಎರಡು ಹುಣಸೆಕಾಯಿ, ಉಪ್ಪು. ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅಮ್ಮನದು ಅಂತ ಈಗ ಉಳಿದಿರುವುದು ಅದೊಂದೇ. ಅಮ್ಮನ ಒಂದು ಫೋಟೊ ಕೂಡ ಇಲ್ಲ.

ಕೆಳಗೆ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದ ಅತ್ತೆ ಪುಟ್ಟಸಿದ್ದಮ್ಮ ತಲೆ ಎತ್ತದೆ, ಏನು ಹುಡುಕುತ್ತಿದ್ದೀಯೆ ಎಂದರು. ಸೊಸೆ ಹೇಳಿದಳು. ಓ ಅದಾ, ಅದನ್ನು ಭವ್ಯನ ಮನೆಗೆ ಕಳಿಸಿಯಾಯಿತು ಅಂದುಬಿಟ್ಟರು ಆ ಮಹಾತಾಯಿ! ಭವ್ಯ ಅವರ ಮಗಳು. ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟರಲ್ಲಿ ಅವಳ ಗಂಡ ಶಾಂತರಾಜು ಅಲ್ಲಿ ಮನೆ ಕಟ್ಟಿಸಿದ್ದ. ಗೃಹಪ್ರವೇಶ ನಾಳೆ. ತಾಯಿಮನೆಯ ಮುಯ್ಯಿ ಅಂತ ಕ್ಯಾರಿಯರನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅರಿಸಿನದ ಬಟ್ಟೆಯಲ್ಲಿ ಕಟ್ಟಿ, ಹೋದ ಭಾನುವಾರವೇ ಮಗನ ಕೈಲಿ ಕಳಿಸಿದ್ದರು.

“ಅತ್ತೆ, ಅದು ನಮ್ಮಮ್ಮಂದು,” ಎಂದಳು ಶಿವರಂಜಿನಿ.

“ನಿಮ್ಮಪ್ಪ ನಂಗೆ ಕೊಟ್ಟಿದ್ದು ಕಣಮ್ಮಿ. ನನ್ನ ಹೆಸ್ರಲ್ಲೇ ಅದೆ. ನನ್ನ ಮಗ್ಳಿಗೆ ನಾನು ಕೊಟ್ಟೆ, ಅದ್ರಲ್ಲೇನು?”

ಹೆಸರಲ್ಲಿದೆಯಂತೆ! ಜಮೀನಿನ ಪಹಣಿಯೇ ಅದು, ಹೆಸರಲ್ಲಿರುವುದಕ್ಕೆ? ಶಿವರಂಜಿನಿಗೆ ತಲೆ ಕಾದುಹೋಯಿತು. ನಾಲ್ಕು ವರ್ಷದಿಂದ ಇದೇ ಆಯಿತು. ಅವಳು ತಂದ ಸ್ಟೀಲ್ ಪಾತ್ರೆ ಮೊದಲ ವಾರವೇ ಅಟ್ಟ ಸೇರಿತ್ತು. ಅಮ್ಮನ ಕ್ಯಾರಿಯರನ್ನು ಒಂದು ದಿನ ಇಳಿಸಿ ಬಳಸುತ್ತೇನೆಂದರೆ ಕಿಲುಬು ಹಿಡಿಯುತ್ತದೆ ಮುಟ್ಟಬೇಡ ಅಂದಿದ್ದರು. ಗಂಡನಿಗೆ ಹೇಳೋಣವೆಂದರೆ ಮಹದೇವಪ್ರಸಾದ್ ಎಂಬ ಆ ಪುಣ್ಯಾತ್ಮನಿಗೆ ಹೈಸ್ಕೂಲಿನ ಗುಮಾಸ್ತಿಕೆಯಲ್ಲಿ ಇರುವ ನಾಲಗೆ ಮನೆಯಲ್ಲಿ ಇರುತ್ತಿರಲಿಲ್ಲ. ಸಂಜೆ ಪೇಪರಿನ ಹಿಂದಿನಿಂದಲೇ, ಗಂಟಿನೊಳಗೆ ಏನಿತ್ತೋ ನಾನು ನೋಡಲಿಲ್ಲ, ಒಂದು ಪಾತ್ರೆಗೆ ಯಾಕಿಷ್ಟು ರಂಪ, ಸ್ವಲ್ಪ ಅಡ್ಜಸ್ಟ್ ಮಾಡಿಕೋ ಎಂದ. ಅಡ್ಜಸ್ಟ್ ಎಂಬ ಆ ಇಂಗ್ಲಿಷ್ ಪದ ಈ ದೇಶಕ್ಕೆ ಬಾರದೇ ಇದ್ದಿದ್ದರೆ ಗಂಡಸರು ಏನು ಮಾಡುತ್ತಿದ್ದರೋ! ನಾಳೆ ಭವ್ಯನನ್ನು ಒಳಗೆ ಕರೆದು ವಿಷಯ ಹೇಳಿ ವಾಪಸ್ ಕೇಳಿಬಿಡುವುದು, ಬದಲಿಗೆ ತನ್ನ ಕಿವಿಯ ಓಲೆಯನ್ನಾದರೂ ಕೊಡುವುದು ಎಂದು ಶಿವರಂಜಿನಿ ಗಟ್ಟಿ ಮನಸ್ಸು ಮಾಡಿದಳು.

ಆದರೆ ಮರುದಿನ ಭವ್ಯ ಕೈಗೆ ಸಿಗಲೇ ಇಲ್ಲ. ಹೋಮದ ಹೊಗೆ, ನೆಂಟರು, ಪಾಯಸಕ್ಕೆ ಸಕ್ಕರೆ ಸಾಲದೆ ಓಡಾಟ. ಊಟ ಮುಗಿದ ಮೇಲೆ ಹೆಂಗಸರೆಲ್ಲ ಹೊಸ ನಡುಮನೆಯಲ್ಲಿ ಕೂತು, ಬಂದ ಮುಯ್ಯಿಯನ್ನು ನೋಡತೊಡಗಿದರು. ಭವ್ಯನ ಅತ್ತೆ ಗುರುಮಲ್ಲಮ್ಮ ಒಂದೊಂದೇ ಪಾತ್ರೆ ಎತ್ತಿ, ಕೊರೆಸಿದ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ಆಕೆ ನಾಲ್ಕನೇ ಕ್ಲಾಸು ಓದಿದವರು, ಅದನ್ನು ಯಾರೂ ಮರೆಯದ ಹಾಗೆ ನೋಡಿಕೊಳ್ಳುತ್ತಿದ್ದವರು. ಮದುವೆ ಮಾತಿನಲ್ಲಿ ಆಕೆ ಅದನ್ನು ಹೇಳಿದಾಗ ಪುಟ್ಟಸಿದ್ದಮ್ಮ ಬಿಟ್ಟುಕೊಡದೆ, ನಾನೂ ಅಷ್ಟೇ ಓದಿವ್ನಿ ಬೀಗಿತಿ ಅಂದಿದ್ದರು. ಅಲ್ಲಿಂದ ಇಬ್ಬರಿಗೂ ಒಳಗೊಳಗೇ ಮೇಲಾಟ.

ಅರಿಸಿನದ ಬಟ್ಟೆ ಬಿಚ್ಚಿದಾಗ ಪುಟ್ಟಸಿದ್ದಮ್ಮ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು. ಈ ಕಾಲದಲ್ಲಿ ಇಂಥ ಗಟ್ಟಿ ಹಿತ್ತಾಳೆ ಎಲ್ಲಿ ಸಿಗುತ್ತದೆ ಎಂದು ಹೆಂಗಸರೆಲ್ಲ ಕೈಯಿಂದ ಕೈಗೆ ದಾಟಿಸಿದರು. ಗುರುಮಲ್ಲಮ್ಮ ಮುಚ್ಚಳವನ್ನು ಬೆಳಕಿಗೆ ಹಿಡಿದು, ಚುಕ್ಕಿಯಲ್ಲಿ ಕೊರೆದ ಅಕ್ಷರಗಳನ್ನು ಬಿಡಿಸಿ ಬಿಡಿಸಿ ಓದಿದರು. “ಮ... ಲ್ಲಿ... ಗ... ಮ್ಮ. ಯಾರಿದು ಮಲ್ಲಿಗಮ್ಮ? ಯಾರ ಮನೇದು ತಂದ್ರಿ ಬೀಗಿತಿ?”

“ಸರ್ಯಾಗಿ ಓದಿ,” ಎಂದರು ಪುಟ್ಟಸಿದ್ದಮ್ಮ ನಗುತ್ತ. “ಪುಟ್ಟಸಿದ್ದಮ್ಮ ಅಂತ ಅದೆ.”

“ನೀವೂ ನಾಕನೇ ಕ್ಲಾಸಲ್ವಾ? ನೀವೇ ಓದಿ.” ಗುರುಮಲ್ಲಮ್ಮ ಮುಚ್ಚಳವನ್ನು ಅವರ ಮಡಿಲಿಗೆ ಇಟ್ಟರು.

ಪುಟ್ಟಸಿದ್ದಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಬೆರಳು ಅಕ್ಷರದ ಮೇಲೆ ನಿಧಾನವಾಗಿ ಹರಿಯಿತು. ಅಕ್ಷರಗಳು ತಲೆಕೆಳಗಾಗಿದ್ದವು! ಬಾಗಿಲಲ್ಲಿ ಎಲೆಯಡಿಕೆಯ ತಟ್ಟೆ ಹಿಡಿದು ನಿಂತಿದ್ದ ಶಿವರಂಜಿನಿಗೆ ಅದು ಕಂಡಿತು. ಕಂಡದ್ದೇ ಎಲ್ಲ ಅರ್ಥವಾಯಿತು, ಅತ್ತೆಗೆ ಓದಲು ಬಾರದು. ತನ್ನ ಮದುವೆಯ ದಿನ ಅಪ್ಪ ಕ್ಯಾರಿಯರನ್ನು ಅತ್ತೆಯ ಕೈಗೆ ಕೊಟ್ಟು, “ಅಮ್ಮನ ಹೆಸ್ರು ಹಾಕ್ಸಿವ್ನಿ, ಜ್ವಾಪಾನ” ಅಂದಿದ್ದ. ಅಪ್ಪ ಹೇಳಿದ್ದು ಮಗಳ ಅಮ್ಮನನ್ನು. ಮರ್ಯಾದೆಗೆ ಎಲ್ಲ ಹೆಂಗಸರನ್ನೂ ಅಮ್ಮ ಎನ್ನುವ ಸೀಮೆ ಇದು. ಎದುರು ನಿಂತಿದ್ದ ಅತ್ತೆ ಆ ಅಮ್ಮ ತಾನೇ ಅಂದುಕೊಂಡಿದ್ದರು. ತನ್ನ ಹೆಸರು ಬರೆದ ಒಂದೇ ಒಂದು ವಸ್ತು ಅಂತ ನಾಲ್ಕು ವರ್ಷ ಕಾದಿಟ್ಟು, ಮಗಳ ಹೊಸ ಮನೆಗೆ ಅದನ್ನೇ ಕಳಿಸಿದ್ದರು. ಈ ಜನಕ್ಕೆ ಏನು ಹೇಳೋಣ! ಒಂದು ಸಲ, ಒಂದೇ ಒಂದು ಸಲ, ಇದೇನು ಬರೆದದೆ ಓದಮ್ಮಿ ಅಂದಿದ್ದರೆ ಏನು ಗಂಟು ಹೋಗುತ್ತಿತ್ತು?

ಹೆಂಗಸರು ಮುಖ ಮುಖ ನೋಡಿಕೊಂಡರು. ಭವ್ಯ ತನ್ನ ಅತ್ತೆ ಗುರುಮಲ್ಲಮ್ಮನ ಮುಖವನ್ನೇ ನೋಡುತ್ತಿದ್ದಳು, ಅವಳ ಬಣ್ಣ ಇಳಿದಿತ್ತು. ನಾಳೆಯಿಂದ ಈ ಮನೆಯಲ್ಲಿ ಅವಳು ದಿನಕ್ಕೆಷ್ಟು ಸಲ ಇದನ್ನು ಕೇಳಬೇಕೋ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಆಯಿತು, ಕ್ಯಾರಿಯರ್ ತಾನಾಗಿ ಶಿವರಂಜಿನಿಯ ಕೈಗೆ ಬರುತ್ತಿತ್ತು. ಸೊಸೆಯ ತವರಿನದನ್ನು ಕದ್ದು ಕೊಟ್ಟ ಮುದುಕಿ ಎಂಬ ಹೆಸರು ಅತ್ತೆಗೆ ಉಳಿಯುತ್ತಿತ್ತು. ಅವಳು ತಟ್ಟೆ ಕೆಳಗಿಟ್ಟು ಬಂದು, ಅತ್ತೆಯ ಕೈಯಿಂದ ಮುಚ್ಚಳ ತಗೊಂಡಳು.

“ನಮ್ಮತ್ತೆಗೆ ಕಣ್ಣು ಮಂಜಾಗಿದೆ, ಕನ್ನಡಕ ಮಾಡಿಸಬೇಕು. ಮಲ್ಲಿಗಮ್ಮ ಅಂದ್ರೆ ನಮ್ಮಮ್ಮ. ಇದನ್ನ ಭವ್ಯಂಗೆ ಅಂತ ನಾನೇ ಕೊಟ್ಟಿದ್ದು.”

ಹೇಳಿ, ಮುಚ್ಚಳ ಮುಚ್ಚಿ, ಕೊಂಡಿ ಹಾಕಿ, ಭವ್ಯನ ಕೈಗೆ ಇಟ್ಟಳು. ಸತ್ತವಳ ಪಾತ್ರೆಯನ್ನು ಮನಸಾರೆ ಕೊಡುವ ಸೊಸೆ ಯಾವ ಪುಣ್ಯಕ್ಕೆ ಸಿಕ್ಕಳು ಎಂದು ಗುರುಮಲ್ಲಮ್ಮ ಕೂಡ ಹೊಗಳಿದರು. ಶಿವರಂಜಿನಿ ಹಿತ್ತಲಿಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮಾ... ಅಂತ ಕರೆದರೂ ಓಗೊಡುವವರು ಯಾರಿದ್ದರು ಅಲ್ಲಿ...

ವಾಪಸ್ ಬರುವ ಬಸ್ಸಿನಲ್ಲಿ ಮಹದೇವಪ್ರಸಾದ್ ಮುಂದಿನ ಸೀಟು ಹಿಡಿದು, ಊರು ದಾಟುವ ಮೊದಲೇ ನಿದ್ದೆ ಹೋದ. ಹಿಂದೆ ಅತ್ತೆ ಸೊಸೆ ಕೂತರು. ತೆರಕಣಾಂಬಿ ಹತ್ತಿರ ಬರುವಾಗ ಪುಟ್ಟಸಿದ್ದಮ್ಮ ಕಿಟಕಿಯ ಕಡೆ ನೋಡಿಕೊಂಡೇ ಕೇಳಿದರು.

“ಅಂಗಾರೆ ಅದ್ರ ಮ್ಯಾಲೆ ಇರದು ನನ್ನ ಹೆಸ್ರಲ್ವಾ?”

“ಅಲ್ಲ ಅತ್ತೆ.”

“ನಿಮ್ಮಪ್ಪ ಅಮ್ಮನ ಹೆಸ್ರು ಅಂದ್ನಲ್ಲ.”

“ನಮ್ಮಮ್ಮನ ಹೆಸರು.”

ಬಸ್ಸು ತೆರಕಣಾಂಬಿಯಲ್ಲಿ ನಿಂತಾಗ ಮುದುಕಿ ಕೈಚೀಲ ಎತ್ತಿಕೊಂಡು ಸರಸರನೆ ಇಳಿದೇಬಿಟ್ಟರು. ಶಿವರಂಜಿನಿ ಕೂಗಿದರೆ, ನೀವು ಮನೆಗೆ ಓಗಿ, ನಾನು ಬತ್ತೀನಿ ಎಂದು ಕೈ ಬೀಸಿದರು. ಅವಳು ಗಂಡನನ್ನು ಅಲುಗಾಡಿಸಿ ಎಬ್ಬಿಸುವಷ್ಟರಲ್ಲಿ ಬಸ್ಸು ಒಂದು ಮೈಲಿ ಬಂದಾಗಿತ್ತು. ಅಮ್ಮ ಎಲ್ಲಿ ಎಂದು ಅವನು ಇವಳನ್ನೇ ಕೇಳಿದ. ಇಂಥವನನ್ನು ಕಟ್ಟಿಕೊಂಡು ಸಂಸಾರ ಮಾಡಬೇಕಲ್ಲಪ್ಪ!

ದೀಪ ಹಚ್ಚುವ ಹೊತ್ತಿಗೆ ಪುಟ್ಟಸಿದ್ದಮ್ಮ ಬಂದರು. ಕಾಲೆಲ್ಲ ಧೂಳು. ಕಂಕುಳಲ್ಲಿ ಅರಿಸಿನದ ಬಟ್ಟೆಯ ಗಂಟು. ಮಗ ಏನೋ ಗದರಲು ಬಾಯಿ ತೆರೆದ, ಅವನ ಕಡೆ ತಿರುಗಿಯೂ ನೋಡದೆ ಅಡುಗೆಮನೆಗೆ ಹೋಗಿ ಗಂಟನ್ನು ಸೊಸೆಯ ಮುಂದೆ ಇಟ್ಟರು.

“ತಕ್ಕ. ಎಲ್ಲಾರ ಮುಂದ್ಲೂ ಹೇಳ್ಬುಟ್ಟೆ, ನಂಗೆ ಓದಕ್ಕೆ ಬರಕಿಲ್ಲ, ನಂದು ಅನ್ಕಂಡು ಕೊಟ್ಬುಟ್ಟಿದ್ದೆ ಅಂತ. ಭವ್ಯಂಗೆ ಬ್ಯಾರೆ ತಕ್ಕೊಡನ ಬುಡು.”

“ಯಾಕೆ ಹೋದಿರಿ ಅತ್ತೆ?” ಎಂದಳು ಶಿವರಂಜಿನಿ. “ನಾನು ಕೊಟ್ಟಾಗಿತ್ತಲ್ಲ. ಗುರುಮಲ್ಲಮ್ಮನೋರು ಇನ್ನು ಸಾಯೋವರೆಗೂ ಆಡ್ಕೋತಾರೆ.”

“ಆಡ್ಕಳ್ಳಿ.” ಪುಟ್ಟಸಿದ್ದಮ್ಮ ಗೋಡೆಗೆ ಒರಗಿ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. “ನೀನು ಸಂತೆ ಕಡೆ, ಅವ್ನು ಇಸ್ಕೂಲ್ ಕಡೆ ಹೋದ್ಮೇಲೆ ಏಣಿ ಹಾಕ್ಕಂಡು ಹತ್ತಿ ಅದನ್ನ ನೋಡ್ಕತಿದ್ದೆ ಕಣಮ್ಮಿ. ನನ್ನ ಹೆಸ್ರು ಅಂತ ಕೈಬೆಟ್ಟಲ್ಲಿ ಸವರ್ತಿದ್ದೆ. ಬರೀ ಹೆಸ್ರು ಅನ್ಕಂಡಿದ್ದ ನಂಗೇ ಅಷ್ಟು ಆಸೆ ಇತ್ತು. ನಿನಗೆ ಅವಳು ಹೆತ್ತವ್ವ. ನಿಂಗೆ ಎಷ್ಟಿರಬ್ಯಾಡ?”

ಊಟ ಆಯ್ತಾ ಅತ್ತೆ ಎಂದು ಶಿವರಂಜಿನಿ ಕೇಳಿದಳು. ಇಲ್ಲ ಎಂದರು. ಅವಳು ಕಣ್ಣೊರೆಸಿಕೊಂಡು ಮುದ್ದೆಗೆ ಎಸರಿಟ್ಟಳು.